ಪಥ್ಯವೂ ಮದ್ದೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆತ್ಮದ ವಿಷಯವನ್ನು ಬೋಧಿಸಬೇಕಾದ ಗುರುಗಳು ಮುದ್ದೆ ಸಾರಿನ ವಿಷಯಕ್ಕೆ ಏಕೆ ಇಳಿದರು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸೀತು. ಈ ನಾಡಿನಲ್ಲಿ ಇದು ಹೊಸತಲ್ಲ. ನಮ್ಮ ಜಿಲ್ಲೆಯ ಗಂಜಾಮಿನಲ್ಲಿದ್ದು ಸೇವೆ ಮಾಡಿದ, ಜನರು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದ ಅಬ್ಬೆ ದ್ಯುಬುವಾ ಅವರು ೧೮೦೩-೦೪ರಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕಾರ್ಯದಲ್ಲಿ ಮುಂದೆ ನಿಂತರು. ೨೫,೦೦೦ಕ್ಕೂ ಹೆಚ್ಚು ಮಂದಿಗೆ ಆಗ ದಾಕು ಹಾಕಲಾಯಿತೆಂದು ದಾಖಲೆಗಳು ಹೇಳುತ್ತವೆ. ಸಿಡುಬು ಒಂದು ದೇವತೆಯ ಮುನಿಸು ಎಂದು ಜನ ಹೆದರುತ್ತಿದ್ದ ದಿನಗಳು ಅವು. ಅಂಥವರ ಮುಂದೆ ನಮ್ಮದು ಸಣ್ಣ ಕೆಲಸ. ಆದರೆ ರೋಗಿಗಳ ಮನೆಗೆ ಹೋಗಿ ಬರುವವರು ನಾವಾದುದರಿಂದ, ಕಂಡದ್ದನ್ನು ಹೇಳದೆ ಇರುವುದೂ ಸರಿಯಲ್ಲ.

ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ನಾವು ಎರಡು ಬಗೆಯ ಮನೆಗಳನ್ನು ನೋಡುತ್ತೇವೆ. ಮೊದಲನೆಯ ಬಗೆಯ ಮನೆಯಲ್ಲಿ ರೋಗಿಯ ತಲೆದಿಂಬಿನ ಬಳಿ ಮಾತ್ರೆಗಳ ರಾಶಿಯೇ ಇರುತ್ತದೆ. ತಟ್ಟೆಯಲ್ಲಿ ಮಾತ್ರ ಬಿಳಿ ಅನ್ನದ ಗುಡ್ಡ, ಅದರ ಮೇಲೆ ನೀರಾದ ಸಾರು, ಪಕ್ಕದಲ್ಲಿ ಉಪ್ಪಿನಕಾಯಿ. ವೈದ್ಯರು ಆಹಾರದ ಬಗ್ಗೆ ಏನು ಹೇಳಿದರೆಂದು ಕೇಳಿದರೆ ಉತ್ತರವಿಲ್ಲ. ಎರಡನೆಯ ಬಗೆಯ ಮನೆಯಲ್ಲಿ ಮಾತ್ರೆಗಳು ಪೆಟ್ಟಿಗೆ ಸೇರಿರುತ್ತವೆ. ಯಾರೋ ಹೇಳಿದರೆಂದು, ದೂರವಾಣಿಯಲ್ಲಿ ಯಾವುದೋ ಭಾಷಣ ಕೇಳಿದೆವೆಂದು, ಇನ್ನು ಮುಂದೆ ಅಂಬಲಿ ಮತ್ತು ಕಷಾಯಗಳೇ ಸಾಕು ಎಂದು ಮನೆಯವರು ತೀರ್ಮಾನಿಸಿರುತ್ತಾರೆ. ಮೊದಲನೆಯವರು ಆಹಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡನೆಯವರು ಅದರ ಮೇಲೆ ಹೊರಲಾರದ ಭಾರವನ್ನು ಹೊರಿಸಿದರು. ಇಬ್ಬರನ್ನು ಕುರಿತೂ ಇಂದು ಮಾತನಾಡಬೇಕೆಂದಿದ್ದೇವೆ.

ನಮ್ಮ ಹಿರಿಯರ ತಟ್ಟೆ ಹೀಗಿರಲಿಲ್ಲ. ಅದು ಹೇಗೆ ಬದಲಾಯಿತು ಎಂಬುದನ್ನು ಮೊದಲು ನೋಡೋಣ.

ಕನ್ನಂಬಾಡಿಯ ಅಣೆಕಟ್ಟೆಯ ಕೆಲಸ ೧೯೧೧ರಲ್ಲಿ ಆರಂಭವಾಯಿತು. ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. ಆಗ ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರು; ಈಗ ವಿಶ್ವೇಶ್ವರಯ್ಯ ನಾಲೆ. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ೧೯೩೯ರಲ್ಲಿ ಮಂಡ್ಯವೇ ಪ್ರತ್ಯೇಕ ಜಿಲ್ಲೆಯಾಯಿತು. ಮಳೆಯನ್ನೇ ನಂಬಿ ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಬೆದ್ದಲು ಭೂಮಿ ಒಂದೇ ತಲೆಮಾರಿನಲ್ಲಿ ಭತ್ತದ ಗದ್ದೆಯೂ ಕಬ್ಬಿನ ತೋಟವೂ ಆಯಿತು. ಈ ನೀರಿನಿಂದ ಹಸಿವು ಹೋಯಿತು, ಮಕ್ಕಳು ಶಾಲೆಗೆ ಹೋದರು, ಹೆಂಚಿನ ಮನೆಗಳು ಎದ್ದವು. ಈ ಉಪಕಾರವನ್ನು ಮರೆತು ಮಾತನಾಡುವ ಕೃತಘ್ನತೆ ನಮಗೆ ಬೇಡ. ಆದರೆ ನೀರಿನ ಜೊತೆಗೆ ಇನ್ನೊಂದು ಬದಲಾವಣೆಯೂ ಮನೆಯೊಳಕ್ಕೆ ಬಂದಿತು. ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ ಎಂದು ಎತ್ತಿಡುತ್ತಿದ್ದ ನೆಲ್ಲಕ್ಕಿ ಅನ್ನ ಪ್ರತಿದಿನದ ಮೂರು ಹೊತ್ತಿನ ಊಟವಾಯಿತು. ಭತ್ತವನ್ನು ಒನಕೆಯಲ್ಲಿ ಕುಟ್ಟುತ್ತಿದ್ದಾಗ ಅಕ್ಕಿಯ ಮೇಲೆ ಒಂದಿಷ್ಟು ತೌಡು ಉಳಿಯುತ್ತಿತ್ತು. ಗಿರಣಿ ಬಂದು ಅದನ್ನೂ ನುಣ್ಣಗೆ ಉಜ್ಜಿ ತೆಗೆಯಿತು. ರಾಗಿ ತಿನ್ನುವುದು ಬಡತನದ ಗುರುತು, ಬಿಳಿ ಅನ್ನ ಉಣ್ಣುವುದು ಗೌರವ ಎಂಬ ಭಾವನೆ ಬಲಿಯಿತು. ಹಲಗೂರಿನ ಕಡೆಯ ಹಳ್ಳಿಗಳಿಂದ ಹೆಣ್ಣು ತಂದ ನಾಲೆಯ ಬಯಲಿನ ಮನೆಗಳಲ್ಲಿ ಸೊಸೆಯನ್ನು ‘ಹಿಟ್ಟು ತಿನ್ನುವ ಸೀಮೆಯವಳು’ ಎಂದು ಹಂಗಿಸುತ್ತಿದ್ದುದನ್ನು ನಮ್ಮ ವಯಸ್ಸಿನವರು ಕೇಳಿರುತ್ತೀರಿ.

ವಿಚಿತ್ರವೆಂದರೆ, ಇದೇ ಕಾಲದಲ್ಲಿ, ಇದೇ ನಾಲೆಯ ಹೆಸರನ್ನು ಹೊತ್ತ ವಿ.ಸಿ. ಫಾರಂನಲ್ಲಿ ರಾಗಿಗೆ ಹೊಸ ಜೀವ ಬಂದಿತು. ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿ ತಳಿಗಳನ್ನೂ ನಮ್ಮ ತಳಿಗಳನ್ನೂ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಇಂಡಾಫ್. ರಾಗಿಯ ಹೂವು ಅತಿ ಸಣ್ಣದು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದೇ ಕಷ್ಟದ ಕೆಲಸ. ಆ ತಾಳ್ಮೆಯ ಫಲವಾಗಿ ಎಕರೆಯ ಇಳುವರಿ ಬಹಳ ಹೆಚ್ಚಿತು. ರೈತರು ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ಆದುದರಿಂದ ನಮ್ಮ ತಟ್ಟೆಯಿಂದ ರಾಗಿ ಸರಿದದ್ದು ಬೆಳೆ ಬರಲಿಲ್ಲವೆಂದಲ್ಲ. ಬೆಳೆ ಹೆಚ್ಚಾದ ಕಾಲದಲ್ಲಿಯೇ ಊಟ ಕಡಿಮೆಯಾಯಿತು.

ರಾಗಿಯಲ್ಲಿ ಅಂಥದೇನಿದೆ? ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ೧೦ ಮಿಲಿಗ್ರಾಂ ಕೂಡ ಸಿಕ್ಕುವುದು ಕಷ್ಟ. ನಾರಿನ ಅಂಶ ಅಕ್ಕಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಥಯಮಿನ್ ಎಂಬ ಜೀವಸತ್ವ ಅಕ್ಕಿಗಿಂತ ಆರೇಳು ಪಟ್ಟು ಅಧಿಕ. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ, ಸ್ವಲ್ಪ ಹೊತ್ತಿನಲ್ಲಿ ಅದರ ಕಡೆಗೆ ಮತ್ತೆ ಬರುತ್ತೇವೆ. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದ ಧಾನ್ಯ ಇದು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಆರು ತಿಂಗಳ ಸೆರೆಯಿಂದ ಭತ್ತ ಬಾಡಿ, ರಾಗಿ ಗಟ್ಟಿಯಾಗಿ ಹೊರಬಂದುದನ್ನು ನೀವು ಶಾಲೆಯಲ್ಲಿ ಓದಿದ್ದೀರಿ.

ಆದರೂ ರಾಗಿಯನ್ನು ಒಂಟಿಯಾಗಿ ಹೊಗಳುವುದು ನಮಗೆ ಒಪ್ಪಿಗೆಯಿಲ್ಲ. ನಮ್ಮ ತಾಯಂದಿರು ಬರೀ ಮುದ್ದೆಯನ್ನು ಬಡಿಸಲಿಲ್ಲ. ಅದರ ಜೊತೆಗೆ ಹುರುಳಿ ಕಟ್ಟಿನ ಸಾರು, ಅವರೆಕಾಳು, ಉಪ್ಪುಸಾರು, ಮಸ್ಸೊಪ್ಪು, ಬಸ್ಸಾರು ಇರುತ್ತಿತ್ತು. ರಾಗಿಯ ಸಸಾರಜನಕ ಕಡಿಮೆ, ನೂರಕ್ಕೆ ಏಳರಷ್ಟು. ಹುರುಳಿಯದು ಅದರ ಮೂರು ಪಟ್ಟು. ಧಾನ್ಯದಲ್ಲಿ ಕೊರತೆಯಾದುದನ್ನು ಕಾಳು ತುಂಬಿಸಿಕೊಡುತ್ತದೆ. ಬಸ್ಸಾರನ್ನೇ ನೋಡಿ. ಕಾಳನ್ನೂ ಸೊಪ್ಪನ್ನೂ ಬೇಯಿಸಿ, ನೀರನ್ನು ಬಸಿದು, ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು ಮಾಡುತ್ತಾರೆ. ಬೇಯುವಾಗ ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗುವುದಿಲ್ಲ, ತಟ್ಟೆಗೇ ಬರುತ್ತದೆ. ಬೇಲಿಯ ನುಗ್ಗೆಸೊಪ್ಪು, ಹೊಲದ ಬದುವಿನ ಅಣ್ಣೆಸೊಪ್ಪು, ಗದ್ದೆಯಂಚಿನ ಹೊನಗೊನ್ನೆ ಇವುಗಳಿಗೆ ಹಣ ಕೊಡಬೇಕಾಗಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಹೋದಮೇಲೆ ಬನ್ನೂರು ಕುರಿಯ ಮಾಂಸವೋ ನಾಟಿ ಕೋಳಿಯೋ ಇದ್ದರೆ ಅದು ಇನ್ನೂ ಒಳ್ಳೆಯದೇ. ಸೊಪ್ಪು ತಿಂದಾಗ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ಹುಳಿ ಕಬ್ಬಿಣದ ಅಂಶವನ್ನು ದೇಹಕ್ಕೆ ಸೇರಿಸುತ್ತದೆ. ಊಟವಾದ ಕೂಡಲೇ ಟೀ ಕುಡಿಯಬೇಡಿ, ಟೀಯ ಒಗರು ಅದನ್ನು ತಡೆಯುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಕಂಡುಬಂದಿತು. ಅಷ್ಟು ದೊಡ್ಡ ಕೊರತೆಯನ್ನು ಸೊಪ್ಪೊಂದೇ ತುಂಬಲಾರದು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಮಣ್ಣಿನ ಕುಂಡಕ್ಕೆ ಎಸೆಯದೆ ನುಂಗಬೇಕು.

ಈಗ ಥಯಮಿನ್ ವಿಷಯ. ಇಂದಿನ ಭಾಷಣದಲ್ಲಿ ಇದೊಂದನ್ನಾದರೂ ಮನೆಗೆ ಕೊಂಡೊಯ್ಯಿರಿ ಎಂದು ಅಜ್ಜಿಯರನ್ನು ವಿಶೇಷವಾಗಿ ಬೇಡುತ್ತೇವೆ.

ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ರೋಗದ ಕಾರಣವನ್ನು ಹುಡುಕುತ್ತಿದ್ದರು. ಕಾಲುಗಳು ಶಕ್ತಿಗುಂದಿ, ಹೃದಯ ಸೋತು ಜನ ಸಾಯುತ್ತಿದ್ದರು. ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಅಂಥದೇ ರೋಗ ಬಂದಿತು. ತೌಡು ಉಳಿದ ಅಕ್ಕಿಯನ್ನು ಕೊಟ್ಟಾಗ ಗುಣವಾಯಿತು. ರೋಗವೆಂದರೆ ಹೊರಗಿನಿಂದ ಏನೋ ಒಳಹೊಕ್ಕದ್ದು ಎಂದು ಮಾತ್ರ ತಿಳಿದಿದ್ದ ಕಾಲದಲ್ಲಿ, ಒಳಗೆ ಹೋಗಬೇಕಾದುದು ಹೋಗದಿದ್ದರೂ ರೋಗ ಬರುತ್ತದೆ ಎಂದು ಇದರಿಂದ ತಿಳಿಯಿತು. ಐಕ್‌ಮನ್ ಅವರಿಗೆ ೧೯೨೯ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ತೌಡಿನಲ್ಲಿದ್ದ ಆ ಸತ್ವವೇ ಥಯಮಿನ್.

ಇದು ದೂರದ ದೇಶದ ಹಳೆಯ ಕಥೆ ಎಂದುಕೊಳ್ಳಬೇಡಿ. ಕಾಶ್ಮೀರದ ಮಕ್ಕಳ ವೈದ್ಯರೂ ನಮ್ಮ ಬೆಂಗಳೂರಿನ ವೈದ್ಯರೂ ಇತ್ತೀಚಿನ ವರ್ಷಗಳಲ್ಲಿ ಇದೇ ಕೊರತೆಯನ್ನು ಎದೆಹಾಲು ಕುಡಿಯುವ ಎಳೆಯ ಮಕ್ಕಳಲ್ಲಿ ಕಂಡು ಬರೆದಿದ್ದಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ೨೦೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಶಿಶುಗಳ ತಾಯಂದಿರು ಪಥ್ಯದ ಹೆಸರಿನಲ್ಲಿ ಹೆಚ್ಚಾಗಿ ಪಾಲಿಷ್ ಅಕ್ಕಿಯ ಅನ್ನವನ್ನೇ ಉಣ್ಣುತ್ತಿದ್ದರೆಂಬುದನ್ನು ಎತ್ತಿ ಹೇಳಿದ್ದಾರೆ. ನಮ್ಮ ಬಾಣಂತಿಯರ ಕೋಣೆಯನ್ನು ನೆನೆದುಕೊಳ್ಳಿ. ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಒಂದಿಷ್ಟು ತುಪ್ಪ. ಸೊಪ್ಪು ಶೀತ, ಕಾಳು ವಾಯು, ರಾಗಿ ತಂಪು, ಮೀನು ಮೊಟ್ಟೆ ನಂಜು, ಹಣ್ಣು ಬೇಡ. ನೀರು ಕೂಡ ಅಳೆದು ಲೋಟದಲ್ಲಿ. ಆ ಅನ್ನವನ್ನಾದರೂ ನಾಲ್ಕು ಬಾರಿ ತೊಳೆದು, ಗಂಜಿ ಬಸಿದು ಕೊಡುತ್ತೇವೆ. ಉಳಿದಿದ್ದ ಅಲ್ಪಸ್ವಲ್ಪ ಥಯಮಿನ್ ನೀರಿನೊಂದಿಗೆ ಹೋಗುತ್ತದೆ. ಪ್ರೀತಿಯಿಂದ ಮಾಡುವ ಆರೈಕೆಯೇ ಇದು, ಸಂದೇಹವಿಲ್ಲ. ಆದರೆ ತಾಯಿಯ ದೇಹದಲ್ಲಿ ಇಲ್ಲದ್ದು ಹಾಲಿನಲ್ಲಿ ಬರುವುದು ಹೇಗೆ? ಎರಡು ಮೂರು ತಿಂಗಳವರೆಗೆ ಗುಂಡಗಿದ್ದ ಮಗು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಅಳುವಿನ ಸ್ವರ ಒಡೆದು ಕ್ಷೀಣವಾಗುತ್ತದೆ. ದೃಷ್ಟಿಯಾಯಿತೆಂದು ಮನೆಯಲ್ಲಿ ಹೊತ್ತು ಕಳೆದರೆ ಮಗು ಉಳಿಯಲಾರದು. ಆಸ್ಪತ್ರೆಯಲ್ಲಿ ಕಾರಣವನ್ನು ಗುರುತಿಸಿ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಅಂಥ ಮಗು ಕೆಲವೇ ಗಂಟೆಗಳಲ್ಲಿ, ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆ ಮದ್ದಿನ ಬೆಲೆಯೂ ಅತ್ಯಲ್ಪ.

ಬಾಣಂತಿಗೆ ಮುದ್ದೆ ಕೊಡಿ. ಕಾಳು, ಸೊಪ್ಪು, ಮೊಟ್ಟೆ, ಹಾಲು ಕೊಡಿ. ಬಾಯಾರಿದಷ್ಟು ನೀರು ಕೊಡಿ. ಅನ್ನವನ್ನೇ ಮಾಡುವುದಾದರೆ ಗಂಜಿ ಬಸಿಯಬೇಡಿ. ಕರಾವಳಿಯಿಂದ ಬಂದು ನಮ್ಮ ನಡುವೆ ನೆಲೆಸಿರುವ ಕುಟುಂಬಗಳು ಉಣ್ಣುವ ಕುಚ್ಚಲಕ್ಕಿ ಈ ವಿಷಯದಲ್ಲಿ ನಮ್ಮ ಅಕ್ಕಿಗಿಂತ ಮೇಲು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಸತ್ವ ಒಳಗಿನ ಕಾಳಿಗೆ ಇಳಿಯುತ್ತದೆ. ದಪ್ಪ ಅಕ್ಕಿಯೆಂದು ನಗುವ ನಮ್ಮ ಕಡೆಯವರು ಇದನ್ನು ತಿಳಿಯಬೇಕು.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆನಂತರ ನಮ್ಮ ಅಜ್ಜಿಯರ ರಾಗಿ ಸರಿಗೆ ಸಮನಾದುದನ್ನು ಯಾವ ಡಬ್ಬದ ಕಂಪನಿಯೂ ಮಾಡಿಲ್ಲ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಟ್ಟು ಮೊಳಕೆ ಬರಿಸಬೇಕು. ನೆರಳಿನಲ್ಲಿ ಆರಿಸಿ, ಒಣಗಿಸಿ, ಹದವಾಗಿ ಹುರಿದು, ಮೊಳಕೆಯನ್ನು ಉಜ್ಜಿ ತೆಗೆದು, ಬೀಸಿ, ಬಟ್ಟೆಯಲ್ಲಿ ಸೋಸಬೇಕು. ಮೊಳೆತಾಗ ಧಾನ್ಯದಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಹುಟ್ಟುತ್ತದೆ. ಸಾಧಾರಣ ಹಿಟ್ಟಿನಿಂದ ಕಾಯಿಸಿದ ಸರಿ ಗಟ್ಟಿಯಾಗಿಬಿಡುವುದರಿಂದ ನೀರು ಹೆಚ್ಚು ಹಾಕುತ್ತೇವೆ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟಿನ ಸರಿ ತೆಳುವಾಗಿಯೇ ಇರುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಹೆಚ್ಚು ಶಕ್ತಿ ದೊರೆಯುತ್ತದೆ. ಸುಣ್ಣ, ಕಬ್ಬಿಣಗಳನ್ನು ಕಟ್ಟಿಹಾಕುವ ಅಂಶಗಳೂ ಮೊಳೆತಾಗ ಕಡಿಮೆಯಾಗುತ್ತವೆ. ೨೦೨೪ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಶಾಲೆಯ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆಯನ್ನು ಆರಂಭಿಸಿದ್ದು ಸಂತೋಷದ ಸಂಗತಿ.

ಇಷ್ಟು ಹೇಳಿದ ಮೇಲೆ ಒಬ್ಬ ಹಿರಿಯರು ಎದ್ದು, ‘ಹಾಗಾದರೆ ಸಕ್ಕರೆ ಕಾಯಿಲೆಯವನಾದ ನಾನೂ ದಿನಕ್ಕೆ ಮೂರು ಲೋಟ ಮಾಲ್ಟ್ ಕುಡಿಯಬಹುದಲ್ಲವೇ ಸ್ವಾಮಿ?’ ಎಂದು ಕೇಳಬಹುದು. ಕುಡಿಯಬಾರದು. ಮಗುವಿಗೆ ಯಾವ ಕಾರಣಕ್ಕೆ ಅದು ಒಳ್ಳೆಯದೋ ಅದೇ ಕಾರಣಕ್ಕೆ ನಿಮಗೆ ಕೆಟ್ಟದ್ದು. ಕರಗಿದ ಪಿಷ್ಟ ಬೇಗ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಸಿರಾಖನ ಗ್ರಂಥದ ೩೭ನೆಯ ಅಧ್ಯಾಯದ ಕೊನೆಯಲ್ಲಿ ಎಲ್ಲವೂ ಎಲ್ಲರಿಗೂ ಹಿತವಲ್ಲವೆಂಬ ಅರ್ಥದ ಬೋಧನೆ ಬರುತ್ತದೆ. ಪಥ್ಯವೆಂದರೆ ಅದೇ. ಆಹಾರವನ್ನು ಮದ್ದಾಗಿ ಬಳಸುವುದಾದರೆ ಮದ್ದಿನಂತೆಯೇ ಬಳಸಬೇಕು: ಯಾರಿಗೆ, ಎಷ್ಟು, ಯಾವಾಗ ಎಂದು ಕೇಳಿಯೇ ಕೊಡಬೇಕು.

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅದೇ ೨೦೨೩ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಎರಡೂ ಒಟ್ಟಿಗೆ ಬಂದುದರಿಂದ ಸಿರಿಧಾನ್ಯವೇ ಸಕ್ಕರೆ ಕಾಯಿಲೆಯನ್ನು ಓಡಿಸುತ್ತದೆ ಎಂಬ ಮಾತು ಊರೂರಿಗೆ ಹಬ್ಬಿತು. ರಾಗಿ, ನವಣೆ, ಸಾಮೆಗಳು ಒಳ್ಳೆಯ ಧಾನ್ಯಗಳೇ. ಆದರೆ ರಾಗಿಯ ತೂಕದಲ್ಲಿ ಮೂರನೆಯ ಎರಡು ಪಾಲು ಪಿಷ್ಟವೇ ಎಂಬುದನ್ನು ಮರೆಯಬಾರದು. ಕಾಳು ಸೊಪ್ಪುಗಳೊಂದಿಗೆ ಉಣ್ಣುವ ಮುದ್ದೆ ಬಿಳಿ ಅನ್ನಕ್ಕಿಂತ ಮೇಲು. ಆದರೆ ಎಷ್ಟು ಮುದ್ದೆ? ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯನ್ನು ಹೇಳಿಕೊಂಡು ಎರಡು ಮುದ್ದೆ ಉಣ್ಣುತ್ತೇವೆ. ಅಜ್ಜ ನಿಜವಾಗಿಯೂ ಬೆಟ್ಟ ಕೀಳುವಂಥ ಕೆಲಸ ಮಾಡುತ್ತಿದ್ದರು; ಹೊತ್ತು ಹುಟ್ಟುವ ಮೊದಲೇ ನೇಗಿಲು ಹಿಡಿಯುತ್ತಿದ್ದರು. ಮೊಮ್ಮಗ ದ್ವಿಚಕ್ರ ವಾಹನದಲ್ಲಿ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ. ಇಬ್ಬರ ಮುದ್ದೆಯೂ ಒಂದೇ ಗಾತ್ರವಾದರೆ ಹೇಗೆ?

ಬೆಲ್ಲದ ವಿಷಯವನ್ನೂ ಹೇಳಿಬಿಡುತ್ತೇವೆ. ಆಲೆಮನೆಗಳ ನಾಡಿನಲ್ಲಿ ಹೇಳುವುದು ಸುಲಭವಲ್ಲ. ಸಕ್ಕರೆ ಬಿಟ್ಟಿದ್ದೇವೆ, ಬೆಲ್ಲದ ಕಾಫಿ ಮಾತ್ರ ಕುಡಿಯುತ್ತೇವೆ ಎಂದು ಅನೇಕರು ಸಮಾಧಾನದಿಂದ ಹೇಳುತ್ತಾರೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜಗಳಿರುವುದು ನಿಜ. ಅದರ ಬಹುಭಾಗ ಸಕ್ಕರೆಯೇ ಎಂಬುದೂ ಅಷ್ಟೇ ನಿಜ. ಸಕ್ಕರೆ ಕಾಯಿಲೆಯ ದೇಹಕ್ಕೆ ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ತಿಳಿಯದು. ಇನ್ನು ಮದ್ದೂರು ವಡೆ. ಅಕ್ಕಿಹಿಟ್ಟು, ರವೆ, ಮೈದಾ, ಎಣ್ಣೆ ಎಲ್ಲವೂ ಒಂದೇ ಕಡೆ ಸೇರಿದ ಆ ವಡೆಯನ್ನು ಪೂರ್ತಿ ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ವಾರಕ್ಕೊಮ್ಮೆ ಅರ್ಧ ಎಂದರೆ ಸಾಕು.

ಆಹಾರದಿಂದ ಸಕ್ಕರೆ ಕಾಯಿಲೆ ಹಿಮ್ಮೆಟ್ಟುವುದೇ ಇಲ್ಲವೇ? ಕೆಲವರಲ್ಲಿ ಹಿಮ್ಮೆಟ್ಟುತ್ತದೆ. ೨೦೧೭ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಲವು ತಿಂಗಳು ಅತಿ ಮಿತವಾದ ಆಹಾರದಿಂದ ದೇಹದ ತೂಕವನ್ನು ಇಳಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಒಂದು ವರ್ಷದ ನಂತರ ಮಾತ್ರೆಯಿಲ್ಲದೆಯೇ ಸಕ್ಕರೆಯನ್ನು ಹತೋಟಿಯಲ್ಲಿಟ್ಟಿದ್ದರು. ಆದರೆ ಅವರೆಲ್ಲರೂ ಕಾಯಿಲೆ ಬಂದು ಆರು ವರ್ಷ ಮೀರದವರು, ಇನ್ಸುಲಿನ್ ತೆಗೆದುಕೊಳ್ಳದವರು, ಮತ್ತು ವೈದ್ಯರ ಕಣ್ಗಾವಲಿನಲ್ಲಿದ್ದವರು. ಇಪ್ಪತ್ತು ವರ್ಷ ಹಳೆಯ ಕಾಯಿಲೆಯವರು ಒಂದು ಭಾಷಣ ಕೇಳಿ ಮಾತ್ರೆ ಬಿಸಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೆಚ್ಚಿನ ಅಪಾಯವಿರುವುದು ಇನ್ಸುಲಿನ್ ನಿಲ್ಲಿಸುವವರಿಗೆ. ಅವರಲ್ಲಿಯೂ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದ ಮಕ್ಕಳಿಗೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಆಹಾರವೊಂದೇ ಚಿಕಿತ್ಸೆಯಾಗಿತ್ತು. ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಆಲೆನ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಉಪವಾಸಕ್ಕೆ ಸಮೀಪವಾದ ಪಥ್ಯವನ್ನು ಅತ್ಯಂತ ಕಟ್ಟುನಿಟ್ಟಾಗಿ ಮಾಡಿಸಿದರು. ಅವರಿಗಿಂತ ನಿಷ್ಠೆಯಿಂದ ಯಾರೂ ಪಥ್ಯ ಮಾಡಿಸಲಾರರು. ಮಕ್ಕಳು ಎಲುಬಿನ ಗೂಡುಗಳಾಗಿ ಕೆಲವು ತಿಂಗಳು, ಕೆಲವರು ಒಂದೆರಡು ವರ್ಷ ಹೆಚ್ಚು ಬದುಕಿ ತೀರಿಕೊಂಡರು. ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಇನ್ಸುಲಿನ್ ದೊರೆಯಿತು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲು ಕೊಡಲಾಯಿತು. ಅಲ್ಲಿಂದ ಈಚೆಗೆ ಅಂಥ ಮಕ್ಕಳು ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಾಣುತ್ತಿದ್ದಾರೆ. ಈ ಮದ್ದನ್ನು ಬಿಡಿಸಿ ಮಗುವಿಗೆ ಅಂಬಲಿಯಿಂದ ಗುಣಪಡಿಸುತ್ತೇವೆನ್ನುವವರು ಬಂದರೆ ಮನೆಯೊಳಕ್ಕೆ ಬಿಡಬೇಡಿ. ನಮ್ಮ ಹೆಸರನ್ನು ಹೇಳಿ ಕಳುಹಿಸಿ. ಇನ್ಸುಲಿನ್ ನಿಂತರೆ ಅಂಥ ಮಗುವಿಗೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ದೇವರನ್ನು ನಂಬಿದ್ದೇವೆ, ಮದ್ದು ಬೇಡ ಎನ್ನುವವರೂ ಕೆಲವರಿದ್ದಾರೆ. ಅದೇ ಸಿರಾಖನ ಗ್ರಂಥದ ಮುಂದಿನ ಅಧ್ಯಾಯವನ್ನು ಅವರು ಮನೆಯಲ್ಲಿ ಓದಬೇಕು. ವೈದ್ಯನನ್ನೂ ಭೂಮಿಯಿಂದ ಬರುವ ಮದ್ದನ್ನೂ ಸೃಷ್ಟಿಸಿದವರು ದೇವರೇ ಎಂದು ಅಲ್ಲಿ ಸ್ಪಷ್ಟವಾಗಿದೆ.

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೇಶದ ಮೂಲೆಮೂಲೆಗೆ ಲಾರಿಗಳು ಹೋಗುತ್ತವೆ. ರೋಗಿಯನ್ನು ನೋಡಲು ಹೋಗುವವರೆಲ್ಲರ ಕೈಯಲ್ಲಿ ಎರಡು ಎಳನೀರು ಇರುವುದು ನಮ್ಮ ಕಡೆಯ ಸಂಪ್ರದಾಯ. ಭೇದಿಯಾಗಿ ಬಳಲಿದವರಿಗೆ, ಬಿಸಿಲಿನಲ್ಲಿ ದುಡಿದು ಬಂದವರಿಗೆ ಅದು ಒಳ್ಳೆಯ ಪಾನೀಯವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಸೋತವರ ದೇಹ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ನೋಡಲು ಹೋಗುವಾಗ ಎಳನೀರನ್ನು ಕೊಂಡೊಯ್ಯಬೇಡಿ. ಉಪ್ಪು ಕಡಿಮೆ ಮಾಡಲೆಂದು ಅಂಗಡಿಯಲ್ಲಿ ಸಿಕ್ಕುವ ಸೋಡಿಯಂ ಕಡಿಮೆಯಿರುವ ಉಪ್ಪೂ ಅವರಿಗೆ ಸಲ್ಲದು. ಅದರಲ್ಲಿಯೂ ಪೊಟ್ಯಾಸಿಯಮ್ಮೇ ಇರುತ್ತದೆ. ಉಳಿದವರು, ಅದರಲ್ಲೂ ರಕ್ತದೊತ್ತಡವಿರುವವರು, ದಿನಕ್ಕೆ ೫ ಗ್ರಾಂ ಉಪ್ಪಿಗೆ ನಿಲ್ಲಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಉಪ್ಪಿನಕಾಯಿ ಹಪ್ಪಳಗಳನ್ನೂ ಸೇರಿಸಿ. ಸಂಜೆಯಾಗುತ್ತಲೇ ಬಾಟಲಿ ಹುಡುಕಿಕೊಂಡು ಹೋಗುವವರಿಗೆ ಮೇಲೆ ಹೇಳಿದ ಯಾವ ಪಥ್ಯವೂ ನಾಟುವುದಿಲ್ಲ. ಅವರೊಡನೆ ನಾವು ಬೇರೆಯಾಗಿ ಮಾತನಾಡುತ್ತೇವೆ.

ಕೊನೆಯದಾಗಿ, ಗುರುಗಳಾಗಿ ನಾವೇ ಹೇಳಬೇಕಾದ, ವೈದ್ಯರು ಹೇಳಲಾರದ ಒಂದು ವಿಷಯವಿದೆ. ತಪಸ್ಸುಕಾಲ ಬಂದರೆ ನಮ್ಮ ಅಜ್ಜಿಯರು ನಲವತ್ತು ದಿನವೂ ಒಂದು ಹೊತ್ತು ಇರುತ್ತಾರೆ. ಅವರ ಭಕ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಅವರಲ್ಲಿ ಅನೇಕರು ಬೆಳಗ್ಗೆ ಸಕ್ಕರೆಯ ಮಾತ್ರೆ ನುಂಗಿ, ಏನೂ ತಿನ್ನದೆ, ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಹದಿನಾಲ್ಕು ಬಾರಿ ಮಂಡಿಯೂರಿ ಏಳುತ್ತಾರೆ. ಬೆವರು ಕಿತ್ತು, ಕೈ ನಡುಗಿ, ಮಾತು ತೊದಲಿ ಕುಸಿಯುವುದು ರಕ್ತದಲ್ಲಿ ಸಕ್ಕರೆ ಇಳಿದ ಲಕ್ಷಣ. ಆಗ ಪಕ್ಕದಲ್ಲಿರುವವರು ಎಚ್ಚರವಿರುವಾಗಲೇ ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೂಡಲೇ ಕೊಡಬೇಕು. ಬೆಲ್ಲವನ್ನು ನಾವು ಬೈದದ್ದು ಆ ಗಳಿಗೆಗೆ ಅನ್ವಯಿಸುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒ ಯ್ಯಬೇಕು.

ಧರ್ಮಸಭೆ ಇಷ್ಟನ್ನು ನಿಮ್ಮಿಂದ ಕೇಳಿಯೇ ಇಲ್ಲ. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಉಪವಾಸದ ಕಡ್ಡಾಯವಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ ಹದಿನೆಂಟು ತುಂಬಿದವರಿಗೆ, ಐವತ್ತೊಂಬತ್ತು ವರ್ಷ ಪೂರ್ತಿಯಾಗುವವರೆಗೆ ಮಾತ್ರ. ರೋಗಿಗಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಆ ಎರಡು ದಿನವೂ ಕಡ್ಡಾಯವಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ವೃದ್ಧರಿಗೆ, ಅಸ್ವಸ್ಥರಿಗೆ, ಅವರ ಆರೈಕೆ ಮಾಡುವವರಿಗೆ ಅನ್ವಯಿಸದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ತಪಸ್ಸುಕಾಲದಲ್ಲಿಯೂ ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ತ್ಯಾಗ ಮಾಡಲೇಬೇಕೆಂದಿದ್ದರೆ ಬೆಲ್ಲದ ಕಾಫಿಯನ್ನು ತ್ಯಜಿಸಲಿ.

ಇಂದು ಸಭೆ ಮುಗಿದ ಮೇಲೆ ಹಿಂಬದಿಯ ಕೋಣೆಯಲ್ಲಿ ಕನ್ಯಾಸ್ತ್ರೀಯರು ತೂಕ, ರಕ್ತದೊತ್ತಡ, ರಕ್ತದ ಸಕ್ಕರೆಗಳನ್ನು ಪರೀಕ್ಷಿಸುತ್ತಾರೆ. ನೀವು ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ತೋರಿಸಿ. ಮನೆಯಲ್ಲಿ ಕುಡಿಯುತ್ತಿರುವ ಕಷಾಯ, ಪುಡಿಗಳೇನಿದ್ದರೂ ಮುಚ್ಚಿಡದೆ ಹೇಳಿ. ಬಾಣಂತಿಯರಿರುವ ಮನೆಯವರು ಮೊದಲು ಹೋಗಿ. ಉಳಿದವರು ಅವರಿಗೆ ದಾರಿ ಬಿಡಿ.